ಮೆಟ್ಟಿಲ ಮೇಲಿದ್ದ ಹಲಗೆ ಲಾರಿ

"ಅದು ಮಾರೋಕಲ್ಲ ಅಮ್ಮ," ಅಂದೆ. ಹಾಗಂದು ಐದು ನಿಮಿಷ ಆಗಿರಲಿಲ್ಲ, ಅದನ್ನೇ ಕವರಿಗೆ ಹಾಕಿ ಆಕೆಯ ಕೈಗೆ ಕೊಟ್ಟೆ.

ಆಕೆಯ ಮಗಳು ಅಂಗಡಿಯ ನೆಲದ ಮೇಲೆ ಮಲಗಿಬಿಟ್ಟಿದ್ದಳು. ನಾಲ್ಕು ವರ್ಷ ಇರಬಹುದು. ಆ ಹಲಗೆ ಲಾರಿಯನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಂಡು, ಕಾಲು ಬಡಿಯುತ್ತಾ, ಬೀದಿ ಕೊನೆಗೆ ಕೇಳುವ ಹಾಗೆ ಕಿರುಚುತ್ತಿದ್ದಳು. ದಸರಾದ ಮೂರನೆಯ ದಿನ. ಅಂಗಡಿ ತುಂಬ ಜನ. ಒಬ್ಬರು ಫ್ರಾಕಿನ ಅಳತೆ ಕೇಳುತ್ತಿದ್ದರು. ಇನ್ನೊಬ್ಬರು ಬ್ಯಾಟರಿ ಕಾರು ಓಡುತ್ತಿಲ್ಲ ಅಂತ ವಾಪಸ್ ತಂದಿದ್ದರು. ಹೊರಗೆ ತುಂತುರು ಮಳೆ. ಏನೂ ಕೊಳ್ಳದವರೂ ಒಳಗೆ ಬಂದು ನಿಂತಿದ್ದರು.

"ಎಷ್ಟಾದ್ರೂ ತಗೊಳ್ಳಿ ಅಣ್ಣ, ಇವಳು ಬಿಡಲ್ಲ," ಅಂದರು ಆಕೆ. "ನಾಳೆ ಲಕ್ಕೂರಿಗೆ ಹೋಗ್ಬೇಕು ನಾವು. ಬಸ್ಸಲ್ಲಿ ದಾರಿಯುದ್ದಕ್ಕೂ ಅಳ್ತಾಳೆ."

"ಅದು ಇಲ್ಲೇ ಬೀದಿ ಹುಡುಗಂದು."

"ಅವನಿಗೆ ಬೇರೆ ಒಳ್ಳೇದು ಕೊಡಿ. ಇದು ಮರದ ಚೂರು ತಾನೆ?"

ನಾನೂ ಅದನ್ನೇ ಅಂದುಕೊಂಡಿದ್ದೆ. ಮಾವಿನ ಪೆಟ್ಟಿಗೆಯ ಹಲಗೆ, ನಾಲ್ಕು ಸೋಡಾ ಮುಚ್ಚಳ, ಎರಡು ಸೈಕಲ್ ಕಡ್ಡಿ. ಮುನ್ನೂರು ಅಂದೆ. ಆಕೆ ಬೇಡ ಅನ್ನಲಿ ಅಂತ ಅಷ್ಟು ಹೇಳಿದೆ ಎಂದು ಆಮೇಲೆ ಎಲ್ಲರ ಹತ್ತಿರವೂ ಹೇಳಿಕೊಂಡೆ. ಅದು ಸುಳ್ಳು. ಕೊಟ್ಟರೆ ಕೊಡಲಿ ಅಂತಲೇ ಹೇಳಿದ್ದು. ಆಕೆ ಫೋನಿನಲ್ಲಿ ದುಡ್ಡು ಕಳಿಸಿದರು. ಹುಡುಗಿ ಅಳು ನಿಲ್ಲಿಸಿದಳು. ನಾನು ಫ್ರಾಕಿನ ಅಳತೆ ಕೇಳುತ್ತಿದ್ದವರ ಕಡೆ ತಿರುಗಿದೆ.

ನಮ್ಮದು ಶ್ರೀನಿವಾಸಪುರದಲ್ಲಿ ಮಕ್ಕಳ ಅಂಗಡಿ. ಮಕ್ಕಳ ಬಟ್ಟೆ, ಆಟದ ಸಾಮಾನು, ಟೋಪಿ, ಬಲೂನು. ಅಂಗಡಿ ನಮ್ಮ ಶಾರದಕ್ಕನದು. ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಬೆಂಗಳೂರಿನಿಂದ ಮಾಲು ತರುವುದು, ಜೋಡಿಸುವುದು, ಮಾರುವುದು ನನ್ನ ಕೆಲಸ. ಮಕ್ಕಳ ಹತ್ತಿರ ಮಾತಾಡುವುದು ಅಕ್ಕನ ಕೆಲಸ. ಮಾವಿನ ಕಾಲದಲ್ಲಿ ಊರಿನವರ ಕೈಯಲ್ಲಿ ದುಡ್ಡಿರುತ್ತದೆ, ಬಿಡುವಿರುವುದಿಲ್ಲ. ದಸರಾಕ್ಕೆ ಬಿಡುವಿರುತ್ತದೆ. ಮಾವಿನ ಮಂಡಿಗಳು ಖಾಲಿ, ಸ್ಕೂಲಿಗೆ ರಜೆ, ಅಜ್ಜಿ ಮನೆಗೆ ಬಂದ ಮಕ್ಕಳೆಲ್ಲ ಬೀದಿಯಲ್ಲೇ.

ಆ ರಜೆಗೆ ಅಕ್ಕ ಒಂದು ಪದ್ಧತಿ ಮಾಡಿದ್ದಳು. ಅಂಗಡಿ ಮುಂದೆ ಐದು ಮೆಟ್ಟಿಲು ಕಟ್ಟಿ, ಬಿಳಿ ಪಂಚೆ ಹಾಸಿ, ಗೊಂಬೆ ಕೂರಿಸುವುದು. ಆದರೆ ಗೊಂಬೆ ನಮ್ಮದಲ್ಲ. ಬೀದಿಯ ಒಂದೊಂದು ಮಗುವೂ ತನ್ನ ಆಟದ ಸಾಮಾನಿನಲ್ಲಿ ಒಂದನ್ನು ತಂದಿಡಬೇಕು. ಹಳೆಯದು, ಮುರಿದದ್ದು, ಏನಾದರೂ ಸರಿ. ದಿನಾ ಸಂಜೆ ದೀಪ ಹಚ್ಚಿದ ಮೇಲೆ ಇಬ್ಬರು ಮೂವರು ಮಕ್ಕಳು ಮುಂದೆ ನಿಂತು ತಮ್ಮ ತಮ್ಮ ಸಾಮಾನಿನ ವಿಷಯ ಹೇಳಬೇಕು. ಆಮೇಲೆ ಎಲ್ಲರಿಗೂ ಗುಗ್ಗರಿ. ಹಬ್ಬ ಮುಗಿದ ಮೇಲೆ ಅವರವರದು ಅವರಿಗೆ ವಾಪಸ್.

ನನಗೆ ಇದೆಲ್ಲ ತಲೆನೋವು. ಹೊಸ ಮಾಲು ಇಡುವ ಜಾಗದಲ್ಲಿ ಕೈ ಮುರಿದ ಗೊಂಬೆ, ಕಿವಿಯಿಲ್ಲದ ಮೊಲ. ಮೊದಲ ದಿನ ಒಂದು ಹುಡುಗಿ ಬೋಳು ತಲೆಯ ಗೊಂಬೆ ತಂದಿದ್ದಳು. ಕೂದಲು ಏನಾಯಿತು ಅಂತ ಅಕ್ಕ ಕೇಳಿದಳು.

"ತಿರುಪತಿಗೆ ಮುಡಿ ಕೊಟ್ವಿ ಆಂಟಿ."

"ಯಾವಾಗಮ್ಮ?"

"ನಂಗೆ ಕೊಟ್ಟಾಗ್ಲೇ. ನಂಗೆ ಬೆಳೀತು, ಇದಕ್ಕೆ ಬೆಳೀಲಿಲ್ಲ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೂ ಅದು ಅಂಗಡಿಗೆ ಆಗುವ ಕೆಲಸವಲ್ಲ ಅಂತಲೇ ನನ್ನ ಲೆಕ್ಕ.

ಹಲಗೆ ಲಾರಿ ತಂದವನು ಚರಣ್. ಒಂಬತ್ತು ವರ್ಷ. ನಮ್ಮ ಹಿಂದಿನ ಓಣಿಯಲ್ಲಿ ಮನೆ. ಅವನ ಅಪ್ಪ ವೆಂಕಟೇಶಣ್ಣ ಮಾವಿನ ಕಾಲದಲ್ಲಿ ಮಂಡಿಯಲ್ಲಿ ಹಣ್ಣು ತುಂಬುವ ಹಲಗೆ ಪೆಟ್ಟಿಗೆ ಹೊಡೆಯುತ್ತಾರೆ. ಉಳಿದ ತಿಂಗಳು ಮಾಲೂರಿನ ಒಂದು ಫ್ಯಾಕ್ಟರಿಯಲ್ಲಿ ಲೋಡಿಂಗ್ ಕೆಲಸ. ಅಲ್ಲೇ ರೂಮು, ರಜೆ ಸಿಕ್ಕಾಗ ಮನೆಗೆ. ಪೆಟ್ಟಿಗೆಗೆ ಆಗದೆ ಉಳಿದ ಹಲಗೆಯಲ್ಲಿ ಆ ಲಾರಿ ಮಾಡಿಕೊಟ್ಟಿದ್ದರು.

ಅದನ್ನು ಕೊಡುವಾಗ ಹುಡುಗ ನನಗೆ ಹೇಳಿದ್ದು ಇಷ್ಟು.

"ಮಂಜಣ್ಣ, ಕೆಳಗಿನ ಮೆಟ್ಟಿಲಿಗೆ ಇಡ್ಬೇಡ, ನಾಯಿ ಬರ್ತೈತೆ. ಮೇಲಕ್ಕೂ ಬೇಡ, ಬಿದ್ರೆ ಆಕ್ಸಲ್ ಹೋಗುತ್ತೆ."

"ಸೈಕಲ್ ಕಡ್ಡಿ ಅಲ್ವೇನೋ ಅದು?"

"ಅದೇ ಆಕ್ಸಲ್."

"ಸರಿ ಓನರ್ರೇ. ಲೋಡು ಎಷ್ಟು ಹಾಕ್ಬೋದು?"

"ತಮಾಷೆ ಬೇಡ. ಅದ್ರೊಳಗೆ ಏನೂ ಇಡ್ಬೇಡ. ಆಯುಧಪೂಜೆ ಬೆಳಿಗ್ಗೆ ನಂಗೆ ಬೇಕು. ಪೂಜೆ ಮಾಡ್ಬೇಕು. ಅಪ್ಪ ಬರ್ತೈತೆ."

"ಕೊಡ್ತೀನಿ ಹೋಗೋ," ಅಂದೆ.

ಆಯುಧಪೂಜೆ ದಿನ ನಮ್ಮ ಬೀದಿಯಲ್ಲಿ ಎಲ್ಲರ ಮನೆ ಮುಂದೆಯೂ ಗಾಡಿ ತೊಳೆದು ನಿಲ್ಲಿಸುತ್ತಾರೆ. ಆಟೋ, ಬೈಕು, ಟಾಟಾ ಏಸ್, ಒಂದು ಟ್ರ್ಯಾಕ್ಟರ್. ಬಾಳೆಕಂದು ಕಟ್ಟಿ, ಚೆಂಡುಹೂವು ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಾರೆ. ಚರಣನ ಮನೆಯಲ್ಲಿ ಸೈಕಲ್ ಕೂಡ ಇಲ್ಲ. ಪ್ರತಿ ವರ್ಷ ಎಲ್ಲರ ಗಾಡಿ ಹತ್ತಿರ ನಿಂತು ಕಡಲೆಪುರಿ ಈಸಿಕೊಂಡು ಹೋಗುತ್ತಿದ್ದ. ಈ ಸಲ ಅವನ ಮನೆಗೂ ಒಂದು ಗಾಡಿ ಬಂದಿತ್ತು. ಅದನ್ನೇ ನಾನು ಮಾರಿದ್ದು.

ಅವನು ದಿನಕ್ಕೆ ಮೂರು ಸಲ ಬಂದು ಲಾರಿ ನೋಡಿಕೊಂಡು ಹೋಗುತ್ತಿದ್ದ. ಮಾರಿದ ದಿನ ಸಂಜೆಯೂ ಬಂದ. ಲಾರಿ ಇಟ್ಟಿದ್ದ ಎರಡನೇ ಮೆಟ್ಟಿಲು ನೋಡಿದ, ನನ್ನ ಮುಖ ನೋಡಿದ.

"ಒಳಗಿಟ್ಟಿದೀನಿ ಕಣೋ. ಮಳೆ ಎರಚಲು ಹೊಡೀತಿತ್ತು," ಅಂದೆ.

"ತೋರ್ಸು."

"ಮೇಲಿನ ಅಟ್ಟದ ಮೇಲೈತೆ. ಜನ ಇದಾರೆ, ಕಾಣಿಸ್ತಿಲ್ವಾ? ಹೋಗು."

ನಂಬಿಕೊಂಡು ಹೋದ. ಅವನು ನಂಬಿದ್ದೇ ನನಗೆ ಸರಿಹೋಗಲಿಲ್ಲ.

ಮಾರನೆಯ ದಿನ ಮೆಟ್ಟಿಲಿನ ಪಂಚೆ ಬದಲಾಯಿಸುವಾಗ ಶಾರದಕ್ಕ ಕೇಳಿದಳು. ನಾನು ಮುಚ್ಚಿಡಲಿಲ್ಲ. ನಮ್ಮ ಮನೆಯಲ್ಲಿ ಅರ್ಧ ತೆಲುಗು, ಕೋಪ ಬಂದರೆ ಅಕ್ಕನಿಗೆ ಪೂರ್ತಿ ತೆಲುಗು.

"ನೀಕು ಬುದ್ಧಿ ಉಂದಾ ರಾ?" ಅಂದಳು, ಬುದ್ಧಿ ಇದೆಯೇನೋ ನಿನಗೆ ಅಂತ. "ಅದು ನಿನ್ನ ಮಾಲಾ?"

"ಹಲಗೆ ಕಣಕ್ಕ. ವೆಂಕಟೇಶಣ್ಣ ಅರ್ಧ ಗಂಟೇಲಿ ಇನ್ನೊಂದು ಹೊಡೀತಾನೆ."

"ಹಂಗಾದ್ರೆ ಹೋಗಿ ಆ ಹುಡುಗನಿಗೆ ಹೇಳು. ಮಾರ್ಬಿಟ್ಟೆ ಅಂತ ಹೇಳು. ಹೇಳ್ತೀಯಾ?"

ನಾನು ಪಂಚೆಯ ಅಂಚು ಎಳೆದು ಸರಿಮಾಡುತ್ತಾ ನಿಂತೆ.

"ಆಯುಧಪೂಜೆ ಬೆಳಿಗ್ಗೆ ಅದು ಇಲ್ಲಿರ್ಲಿಲ್ಲ ಅಂದ್ರೆ ನಾನೇ ಎಲ್ಲಾ ಮಕ್ಕಳನ್ನೂ ನಿಲ್ಲಿಸ್ಕೊಂಡು ಹೇಳ್ತೀನಿ. ಹೇಳಿ ಅವರವರ ಸಾಮಾನು ಅವರಿಗೆ ಕೊಟ್ಟು ಮೆಟ್ಟಿಲು ಬಿಚ್ಚಿಬಿಡ್ತೀನಿ. ಇನ್ನು ಯಾವತ್ತೂ ಕಟ್ಟಲ್ಲ."

ಅಕ್ಕ ಹೇಳಿದರೆ ಮಾಡುವವಳೇ. ಆ ಮೆಟ್ಟಿಲು ಹೋದರೆ ನನಗೇನು ಅಂತ ಅಂದುಕೊಳ್ಳಲು ನೋಡಿದೆ. ಆಗಲಿಲ್ಲ. ಸಂಜೆ ಆ ಮಕ್ಕಳು ಬಂದು ಸಾಲಾಗಿ ಕೂರುವುದು, ಒಂದು ಮಗು ಎದ್ದು ನಿಂತು ಹರಿದ ಕರಡಿಯ ವಿಷಯ ಹೇಳುವುದು, ಉಳಿದವರು ಬಾಯಿ ಬಿಟ್ಟುಕೊಂಡು ಕೇಳುವುದು. ಅದನ್ನು ನಾನು ಕೆಡಿಸಿದವನು ಅಂತ ಆಗುತ್ತಿತ್ತು.

ಮೊದಲು ಸುಲಭದ ದಾರಿ ನೋಡಿದೆ. ಮಂಡಿಗೆ ಹೋಗಿ ಹಲಗೆ, ಮೊಳೆ ತಂದು ನಾನೇ ಒಂದು ಮಾಡಲು ಕೂತೆ. ಅದು ಲಾರಿ ಆಗಲಿಲ್ಲ, ಚಿಕ್ಕ ಪೆಟ್ಟಿಗೆ ಆಯಿತು. ಹೆಬ್ಬೆರಳಿನ ಉಗುರು ಕಪ್ಪಾಯಿತು. ಪೆಟ್ಟಿಗೆ ಒಲೆಗೆ ಹಾಕಿದೆ.

ಎರಡನೆಯದು ಅಂಗಡಿಯಲ್ಲಿದ್ದ ದೊಡ್ಡ ರಿಮೋಟ್ ಕಾರು. ಕೆಂಪು ಬಣ್ಣ, ಬಾಗಿಲು ತಾನೇ ತೆರೆಯುತ್ತದೆ. ಚರಣನನ್ನು ಕರೆದು ಕೈಗೆ ಕೊಟ್ಟೆ.

"ಲೇ, ಈ ಸಲ ಇದಕ್ಕೆ ಪೂಜೆ ಮಾಡೋ. ನಿಂಗೇ ಇಟ್ಕೋ."

ತಿರುಗಿಸಿ ನೋಡಿದ. ಬಾಗಿಲು ತೆರೆದು ಮುಚ್ಚಿದ. ಆಸೆ ಇಲ್ಲ ಅಂತಲ್ಲ, ಕಣ್ಣಲ್ಲೇ ಗೊತ್ತಾಗುತ್ತಿತ್ತು.

"ಇದೇನು ಕೆಲಸ ಮಾಡೈತೆ?" ಅಂತ ಕೇಳಿದ.

"ಅಂದ್ರೆ?"

"ಆಯುಧಪೂಜೆ ದುಡಿದಿರೋ ಗಾಡಿಗೆ ಮಾಡೋದು ಮಂಜಣ್ಣ. ನಮ್ ಲಾರಿ ಅಮ್ಮಂಗೆ ಕರಿಬೇವು ತಂದೈತೆ. ಬಾಟ್ಲಲ್ಲಿ ನೀರು ತಂದೈತೆ. ಮನೆ ಮುಂದೆ ನೀರು ನಿಂತಾಗ ಇಟ್ಟಿಗೆ ಚೂರೆಲ್ಲ ಅದೇ ಹೊತ್ತಿದ್ದು. ಇದು ಡಬ್ಬದಲ್ಲೇ ಕೂತಿತ್ತು."

ಕಾರನ್ನು ಮೇಜಿನ ಮೇಲಿಟ್ಟ. "ಅಟ್ಟದಿಂದ ಯಾವಾಗ ಇಳಿಸ್ತೀಯಾ?" ಅಂದ.

ಆಟದ ಸಾಮಾನು ಮಾರುವವನಿಗೆ ಆಟದ ಸಾಮಾನು ಅಂದರೆ ಏನು ಅಂತ ಗೊತ್ತಿರುತ್ತದೆ ಎಂದು ಜನ ಅಂದುಕೊಳ್ಳುತ್ತಾರೆ. ನನಗೆ ಗೊತ್ತಿದ್ದದ್ದು ಡಬ್ಬ, ಡಬ್ಬದ ಮೇಲಿನ ರೇಟು. ಒಂದು ಹಲಗೆ ಚೂರು ಒಂದು ಮನೆಗೆ ಇಷ್ಟು ದುಡಿದಿರುತ್ತದೆ ಅಂತ ಅವತ್ತು ಆ ಹುಡುಗ ಹೇಳುವವರೆಗೆ ಗೊತ್ತಿರಲಿಲ್ಲ.

ಆಯುಧಪೂಜೆಗೆ ಒಂದೇ ದಿನ ಉಳಿದಿತ್ತು. ಆ ಹೆಂಗಸು ಇಲ್ಲಿ ಮಂಡಿ ಹಿಂದಿನ ಬೀದಿಯಲ್ಲಿ ತನ್ನ ಅಕ್ಕನ ಮನೆಗೆ ಬಂದಿದ್ದವರು ಅಂತ ವಿಚಾರಿಸಿ ತಿಳಿದುಕೊಂಡಿದ್ದೆ. ಬೆಳಿಗ್ಗೆಯೇ ಆ ಮನೆಗೆ ಹೋಗಿ ಕೇಳಿದೆ. ಲಕ್ಕೂರಿನಲ್ಲಿ ಹಾಲಿನ ಡೈರಿ ಪಕ್ಕದ ಮನೆ ಅಂತ ಹೇಳಿದರು. ಕೆಂಪು ಕಾರನ್ನು ಚೀಲಕ್ಕೆ ಹಾಕಿಕೊಂಡು ಬೈಕ್ ಹತ್ತಿದೆ.

ಮಳೆ ನಿಂತು ನಿಂತು ಬರುತ್ತಿತ್ತು. ದಾರಿಯ ಎರಡೂ ಕಡೆ ರಾಗಿ ತೆನೆ ಬಿಟ್ಟು ತಲೆ ತೂಗುತ್ತಿತ್ತು. ಕೋಲಾರದ ಹತ್ತಿರ ರಸ್ತೆ ಬದಿಯಲ್ಲೇ ಬೂದುಗುಂಬಳದ ರಾಶಿ, ಸೇವಂತಿಗೆ ಮೂಟೆ, ಬಾಳೆಕಂದಿನ ಕಟ್ಟು. ಎಲ್ಲರೂ ಗಾಡಿಗೆ ಹೂವು ಕೊಳ್ಳುತ್ತಿದ್ದರು. ನನ್ನ ಬೈಕಿಗೂ ಬೇಕಿತ್ತು. ನಿಲ್ಲಿಸಲಿಲ್ಲ.

ಮಾಲೂರಿನಲ್ಲಿ ಮಾತ್ರ ನಿಲ್ಲಿಸಿದೆ. ಫ್ಯಾಕ್ಟರಿ ಗೇಟಿನ ಎದುರು ಟೀ ಅಂಗಡಿ. ಫೋನ್ ಮಾಡಿ ವೆಂಕಟೇಶಣ್ಣನನ್ನು ಹೊರಗೆ ಕರೆದೆ. ಟೀ ಕೈಗೆ ಬರುವ ಮುಂಚೆಯೇ ಹೇಳಿಬಿಟ್ಟೆ. ಬೈಯುತ್ತಾರೆ ಅಂದುಕೊಂಡಿದ್ದೆ.

"ಎಷ್ಟಕ್ಕೆ?" ಅಂತ ಕೇಳಿದರು.

"ಮುನ್ನೂರು."

"ಮುನ್ನೂರಾ?" ಪಕ್ಕದಲ್ಲಿದ್ದವನ ಹೆಗಲ ಮೇಲೆ ಕೈ ಹಾಕಿದರು. "ಲೇ, ಕೇಳುದ್ಯಾ? ನಾನು ಹೊಡೆದ ಹಲಗೆಗೆ ಮುನ್ನೂರಂತೆ. ವರ್ಷಕ್ಕೆ ಸಾವಿರಾರು ಪೆಟ್ಟಿಗೆ ಹೊಡೀತೀನಿ, ಹಣ್ಣು ತೆಗೆದು ಪೆಟ್ಟಿಗೆ ಬಿಸಾಕ್ತಾರೆ. ಯಾರೋ ದುಡ್ಡು ಕೊಟ್ಟು ಎದೆಗೆ ಅವುಚ್ಕೊಂಡು ಹೋದ್ರಂತೆ."

ಅವರ ಮುಖದಲ್ಲಿ ಖುಷಿ. ನನಗೂ ಹಗುರಾಯಿತು.

"ಪೋನೀಲೇ ಮಂಜ, ಹೋಗ್ಲಿ ಬಿಡು. ಇವತ್ತು ರಾತ್ರಿ ಬಂದು ಹೊಸದೊಂದು ಹೊಡೀತೀನಿ," ಅಂದರು.

ಅಷ್ಟಕ್ಕೇ ವಾಪಸ್ ಹೋಗಬಹುದಿತ್ತು. ಆದರೆ ಚರಣ್ ಹೇಳಿದ ಮಾತನ್ನು ಹೇಳಿದೆ. ಕರಿಬೇವು, ನೀರು, ಇಟ್ಟಿಗೆ ಚೂರು, ದುಡಿದಿರೋ ಗಾಡಿ. ವೆಂಕಟೇಶಣ್ಣ ಟೀ ಲೋಟ ಕೆಳಗಿಟ್ಟರು.

"ಹಂಗಂದ್ನಾ?"

"ಹೂಂ."

"ಅವನಿಗೆ ಹೇಳಿದ್ಯಾ, ಮಾರಿದ್ದು?"

"ಇಲ್ಲ."

"ನಂಗೆ ಹೇಳೋದು ಸುಲಭ ಆಯ್ತು ಅಲ್ವಾ ನಿಂಗೆ?" ಅಂದರು. ಆಮೇಲೆ ಲಕ್ಕೂರಿನ ದಾರಿ ಕಡೆ ಕೈ ತೋರಿಸಿದರು. "ಹೋಗಿ ತಗೊಂಬಾ."

ಲಕ್ಕೂರಿನಲ್ಲಿ ಮನೆ ಸುಲಭವಾಗಿ ಸಿಕ್ಕಿತು. ಆ ಹೆಂಗಸು ಹೊರಗೆ ಚಪ್ಪರದ ಕೆಳಗೆ ಕೂತು ಈರುಳ್ಳಿ ಹೆಚ್ಚುತ್ತಿದ್ದರು. ಹುಡುಗಿ ಲಾರಿಗೆ ದಾರ ಕಟ್ಟಿಕೊಂಡು ಒಳಗಿನಿಂದ ಒಂದೊಂದೇ ಈರುಳ್ಳಿ ತಂದು ಅಮ್ಮನ ಮುಂದೆ ಇಳಿಸಿ ಮತ್ತೆ ಒಳಗೆ ಹೋಗುತ್ತಿದ್ದಳು. ಅಂದರೆ ಲಾರಿ ಇಲ್ಲೂ ಕೆಲಸಕ್ಕೆ ಸೇರಿಬಿಟ್ಟಿತ್ತು.

"ಅಂಗಡಿ ಅಣ್ಣ ಅಲ್ವಾ? ಏನು, ದುಡ್ಡು ಬರ್ಲಿಲ್ವಾ?" ಅಂದರು ಆಕೆ.

"ಬಂತಮ್ಮ. ವಾಪಸ್ ಕೊಡೋಕೇ ಬಂದಿದೀನಿ. ಲಾರಿ ಬೇಕು."

"ಅವತ್ತೇ ಹೇಳ್ಬೇಕಿತ್ತು."

"ಹೇಳಿದ್ನಲ್ಲಮ್ಮ, ಮಾರೋಕಲ್ಲ ಅಂತ."

"ಹೇಳಿದ್ರಿ. ಆಮೇಲೆ ರೇಟೂ ಹೇಳಿದ್ರಿ."

ಕೂತು ಎಲ್ಲ ಹೇಳಿದೆ. ಅವರ ಮನೆ ಹಿಂದೆ ಟ್ರ್ಯಾಕ್ಟರ್ ತೊಳೆಯುವ ನೀರಿನ ಸದ್ದು ಬರುತ್ತಿತ್ತು. ಪೂಜೆಗೆ ಅಂದಮೇಲೆ ಆಕೆಯ ಪಟ್ಟು ಸ್ವಲ್ಪ ಸಡಿಲಾಯಿತು.

ಕೆಂಪು ಕಾರು ತೆಗೆದು ಓಡಿಸಿ ತೋರಿಸಿದೆ. ಹುಡುಗಿ ಬಂದು ನೋಡಿದಳು. ಬಾಗಿಲು ತೆರೆದಾಗ ನಕ್ಕಳು. ಎರಡು ಸುತ್ತು ಆದ ಮೇಲೆ ಎದ್ದು ಹೋಗಿ ಮತ್ತೆ ದಾರ ಹಿಡಿದು ಈರುಳ್ಳಿ ತರಲು ಹೋದಳು.

"ಎಚ್ಚರ ಇರೋವಾಗ ಆಗಲ್ಲ ಅಣ್ಣ," ಅಂದರು ಆಕೆ ಮೆಲ್ಲಗೆ. "ಉಂಡು ಮಲಗ್ತಾಳೆ. ಆಗ ತಗೊಂಡೋಗಿ."

ನನಗೂ ಊಟ ಹಾಕಿದರು. ಮುದ್ದೆ, ಹುರುಳಿ ಸಾರು. ಆ ಮನೆಯ ಅನ್ನ ತಿಂದು ಜಗಲಿ ಮೇಲೆ ಕಾದು ಕೂತೆ. ಹುಡುಗಿ ಲಾರಿಯನ್ನು ಮಗ್ಗುಲಲ್ಲೇ ಇಟ್ಟುಕೊಂಡು, ಸೈಕಲ್ ಕಡ್ಡಿಗೆ ಬೆರಳು ಸುತ್ತಿಕೊಂಡು ಮಲಗಿದಳು. ಅವರಮ್ಮ ಒಂದೊಂದೇ ಬೆರಳು ಬಿಡಿಸಿದರು. ಆ ಜಾಗದಲ್ಲಿ ನಾನು ಕೆಂಪು ಕಾರು ಇಟ್ಟೆ, ಮುನ್ನೂರನ್ನು ಆಕೆಯ ಕೈಗೆ ಕೊಟ್ಟೆ. ಬೈಕನ್ನು ಅಲ್ಲಿ ಸ್ಟಾರ್ಟ್ ಮಾಡಲಿಲ್ಲ. ಬೀದಿ ತಿರುವಿನವರೆಗೂ ತಳ್ಳಿಕೊಂಡು ಬಂದೆ, ಸದ್ದಿಗೆ ಎದ್ದುಬಿಟ್ಟಾಳು ಅಂತ.

ದೀಪ ಹಚ್ಚುವ ಹೊತ್ತಿಗೆ ಅಂಗಡಿಗೆ ಬಂದೆ. ಮಕ್ಕಳೆಲ್ಲ ಕೂತಿದ್ದರು. ಲಾರಿಯನ್ನು ಎರಡನೇ ಮೆಟ್ಟಿಲಿಗೆ ಇಟ್ಟೆ. ಶಾರದಕ್ಕ ನನ್ನನ್ನು ನೋಡಿ ದೀಪದ ಬತ್ತಿ ಸರಿಮಾಡಲು ಬಗ್ಗಿದಳು. ಚರಣ್ ಎದ್ದು ಬಂದು ಮುಟ್ಟಿ ನೋಡಿದ. ಬಗ್ಗಿ ಒಳಗೆ ನೋಡಿದ.

"ಮಂಜಣ್ಣ, ಈರುಳ್ಳಿ ಸಿಪ್ಪೆ ಐತೆ ಇದ್ರಲ್ಲಿ."

ಎಲ್ಲ ಮಕ್ಕಳೂ ನನ್ನ ಕಡೆ ತಿರುಗಿದರು. ಅಟ್ಟದ ಮೇಲೆ ಈರುಳ್ಳಿ ಇತ್ತು ಅಂತ ಹೇಳಬಹುದಿತ್ತು. ಬಾಯಿಗೂ ಬಂತು. ಹೇಳಲಿಲ್ಲ. ಮಕ್ಕಳು ನಿಂತು ಮಾತಾಡುವ ಜಾಗದಲ್ಲಿ ನಿಂತು ನಡೆದದ್ದು ಹೇಳಿದೆ. ಮಾರಿದೆ, ಸುಳ್ಳು ಹೇಳಿದೆ, ಲಕ್ಕೂರಿಗೆ ಹೋಗಿ ತಂದೆ. ಮೂರು ಮಾತು. ಬೋಳು ಗೊಂಬೆಯ ಹುಡುಗಿ ಎದ್ದು ಹೋಗಿ ತನ್ನ ಗೊಂಬೆ ಮೆಟ್ಟಿಲ ಮೇಲೆ ಇದೆಯಾ ಅಂತ ನೋಡಿಕೊಂಡು ಬಂದು ಕೂತಳು. ಅವತ್ತು ಗುಗ್ಗರಿ ಹಂಚಿದ್ದು ಅಕ್ಕನೇ. ನನ್ನ ಕೈಗೆ ಪಾತ್ರೆ ಕೊಡಲಿಲ್ಲ.

ಆಯುಧಪೂಜೆ ಬೆಳಿಗ್ಗೆ ಮೋಡ ಇರಲಿಲ್ಲ. ವೆಂಕಟೇಶಣ್ಣ ರಾತ್ರಿಯೇ ಬಂದಿದ್ದರು. ಲಾರಿಗೆ ಅರಿಸಿನ ಕುಂಕುಮ ಇಟ್ಟು, ಸೇವಂತಿಗೆ ಕಟ್ಟಿ, ಮನೆ ಮುಂದೆ ನಿಲ್ಲಿಸಿದರು. ಸೋಡಾ ಮುಚ್ಚಳದ ಚಕ್ರಕ್ಕೆ ಚಿಕ್ಕ ಚಿಕ್ಕ ನಿಂಬೆಕಾಯಿ. ಚರಣ್ ದಾರ ಎಳೆದ. ಲಾರಿ ನಿಂಬೆಕಾಯಿ ಹತ್ತಲಾರದೆ ಪಕ್ಕಕ್ಕೆ ಮಗುಚಿತು. ಬೀದಿಯೆಲ್ಲ ನಕ್ಕಿತು. "ಲೋಡು ಕಮ್ಮಿ ಆಯ್ತು ಕಣ್ಲಾ," ಅಂದ ಆಟೋದವನು. ವೆಂಕಟೇಶಣ್ಣ ಲಾರಿ ಮೇಲೆ ಅಂಗೈ ಊರಿ ಅದುಮಿದರು. ನಿಂಬೆಕಾಯಿ ಒಡೆಯಿತು. ಚರಣ್ ಬೀದಿಗೆಲ್ಲ ಕಡಲೆಪುರಿ ಹಂಚಿದ. ನನಗೂ ಕೊಟ್ಟ. ಕೊಡುವಾಗ ಕೇಳಿದ.

"ಆ ಪಾಪಂಗೆ ಹೇಳಿ ತಂದ್ಯಾ?"

"ಮಲಗಿದ್ಲು."

"ಎದ್ದ ಮೇಲೆ ಹುಡುಕಿರ್ತಾಳೆ."

"ಕಾರು ಇಟ್ಟು ಬಂದಿದೀನಲ್ಲ."

"ನಂಗೂ ನೀನು ಹಂಗೇ ಮಾಡಿದ್ದೆ," ಅಂದ. ಕೋಪ ಇಲ್ಲ, ಏನಿಲ್ಲ. ಹಾಗೇ ಹೇಳಿ ಮುಂದಿನ ಮನೆಗೆ ಪುರಿ ಕೊಡಲು ಹೋದ.

ನಾನು ದಾರಿಯುದ್ದಕ್ಕೂ ತಪ್ಪು ಸರಿಮಾಡಿಕೊಂಡು ಬಂದೆ ಅಂದುಕೊಂಡಿದ್ದೆ. ಸರಿ ಮಾಡಿರಲಿಲ್ಲ. ಮಾಡಿದ ಕೆಲಸವನ್ನೇ ಇನ್ನೊಂದು ಊರಿನಲ್ಲಿ ಇನ್ನೊಂದು ಸಲ ಮಾಡಿ ಬಂದಿದ್ದೆ.

ಚರಣ್ ಅಪ್ಪನಿಗೆ ಏನು ಹೇಳಿದನೋ, ವಿಜಯದಶಮಿ ದಿನ ವೆಂಕಟೇಶಣ್ಣ ಆ ಹುಡುಗಿಗೆ ಅಂತ ಹೊಸ ಲಾರಿ ಮಾಡಿಕೊಟ್ಟರು. ನಾನು ಕೊಡಲು ಹೋದ ದುಡ್ಡು ಮುಟ್ಟಲಿಲ್ಲ. ಹಬ್ಬ ಮುಗಿದ ಮಾರನೆಯ ದಿನ ಅದನ್ನು ತೆಗೆದುಕೊಂಡು ಮತ್ತೆ ಲಕ್ಕೂರಿಗೆ ಹೋದೆ. ಹುಡುಗಿ ಮನೆ ಮುಂದೆ ಒಬ್ಬಳೇ ಕೂತು ತೆಂಗಿನ ಚಿಪ್ಪಿಗೆ ಮಣ್ಣು ತುಂಬಿಕೊಂಡು ಆಡುತ್ತಿದ್ದಳು. ಬೈಕಿನ ಸದ್ದಿಗೆ ತಲೆ ಎತ್ತಿ ನನ್ನ ಮುಖ ನೋಡಿದಳು. ನೋಡಿದವಳೇ ಎದ್ದು ನಿಂತು, ಆ ಚಿಪ್ಪನ್ನು ಎರಡೂ ಕೈಯಲ್ಲಿ ಬೆನ್ನ ಹಿಂದೆ ಬಚ್ಚಿಟ್ಟುಕೊಂಡಳು.